ಕಡಲು, ಕಾಡು, ಮಕ್ಕಳ ಶಿಬಿರ: ಇದನ್ನೇ ವೃತ್ತಿ ಮಾಡಿಕೊಳ್ಳಲು ಏನು ಓದಬೇಕು?

ಪ್ರಶ್ನೆ: ನಾನು ಸುರತ್ಕಲ್ ಕಡೆಯವಳು. ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಪಾಸಾಗಿದ್ದೇನೆ. ಈಜು ಬರುತ್ತದೆ. ಊರಿನ ಯುವಕ ಮಂಡಲದ ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ಆಟ ಆಡಿಸುತ್ತೇನೆ, ಚಾರಣ ಎಂದರೆ ಇಷ್ಟ. ಇದನ್ನೇ ಕೆಲಸ ಮಾಡಿಕೊಳ್ಳಬೇಕೆಂದಿದೆ. ಮನೆಯಲ್ಲಿ ಬಿ.ಕಾಂ. ಮಾಡಿ ಬ್ಯಾಂಕ್ ಪರೀಕ್ಷೆ ಬರೆ ಅನ್ನುತ್ತಾರೆ. ಏಜೆಂಟರೊಬ್ಬರು ಕೆನಡಾದಲ್ಲಿ ಎರಡು ವರ್ಷದ ಔಟ್‌ಡೋರ್ ರಿಕ್ರಿಯೇಷನ್ ಡಿಪ್ಲೊಮಾ ಇದೆ ಎಂದಿದ್ದಾರೆ. ಏನು ಓದಲಿ, ಯಾವುದು ಮೊದಲು?

ಉತ್ತರ: ಬಿ.ಕಾಂ. ವಿಷಯಕ್ಕೆ ಮನೆಯಲ್ಲಿ ಜಗಳ ತೆಗೆಯಬೇಡಿ. ಈ ಕ್ಷೇತ್ರದಲ್ಲಿ ಕೆಲಸ ಕೊಡುವವರು ಮೊದಲು ಕೇಳುವುದು ಮೂರೇ ಪ್ರಶ್ನೆ. ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟು ಚಾಲ್ತಿಯಲ್ಲಿದೆಯಾ? ಒಂದಾದರೂ ಚಟುವಟಿಕೆಯಲ್ಲಿ ಪರೀಕ್ಷೆ ಕೊಟ್ಟು ಪಾಸಾಗಿದ್ದೀರಾ? ಎಷ್ಟು ದಿನ, ಎಂಥ ಗುಂಪು ನಡೆಸಿದ್ದೀರಿ? ಪದವಿಯ ಕೆಲಸ ಶುರುವಾಗುವುದು ಆಮೇಲೆ, ಮೊಣಕಾಲು ಮಾತಾಡಲು ಶುರುಮಾಡಿ, ಶಿಬಿರದ ಬಜೆಟ್, ವಿಮೆ, ಪರವಾನಗಿ ನೋಡಿಕೊಳ್ಳುವ ಕುರ್ಚಿಗೆ ನೀವು ಹೋಗುವ ಹೊತ್ತಿಗೆ. ಅಲ್ಲಿ ಲೆಕ್ಕಪತ್ರ ಗೊತ್ತಿರುವವರಿಗೆ ಬೆಲೆ ಇದೆ. ಹಾಗಾಗಿ ಬಿ.ಕಾಂ. ಮಾಡಿದರೆ ನಷ್ಟವೇನಿಲ್ಲ. ಆ ಮೂರು ವರ್ಷದ ಶನಿವಾರ, ಭಾನುವಾರ ಮತ್ತು ರಜೆಗಳಲ್ಲಿ ಏನು ಮಾಡುತ್ತೀರಿ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಬಿ.ಕಾಂ. ಖಂಡಿತ ಬೇಡ ಎಂದಿದ್ದರೆ ಹತ್ತಿರದಲ್ಲೇ ಬೇರೆ ದಾರಿಗಳಿವೆ. ಮಕ್ಕಳು, ಹಿರಿಯರು, ಕೇರಿಯ ಜನ, ಅಂದರೆ ಸಮುದಾಯದ ಕಡೆ ಮನಸ್ಸು ವಾಲಿದರೆ ಸಮಾಜಕಾರ್ಯ ಓದಿ. ಮಂಗಳೂರಿನ ರೋಶನಿ ನಿಲಯ 1960ರಿಂದ ಈ ವಿಷಯ ಕಲಿಸುತ್ತಿದೆ. ಗುಂಪು ಕಟ್ಟುವುದು, ಗುಂಪಿನೊಳಗಿನ ಜಗಳ ಬಿಡಿಸುವುದು, ಯೋಜನಾ ವರದಿ ಬರೆಯುವುದು ಸಮಾಜಕಾರ್ಯದ ಸ್ನಾತಕೋತ್ತರ ಪದವಿಯಾದ ಎಂಎಸ್‌ಡಬ್ಲ್ಯುನಲ್ಲಿ ಸಿಗುವಷ್ಟು ಚೆನ್ನಾಗಿ ಯಾವ ಸಾಹಸ ಕೋರ್ಸಿನಲ್ಲೂ ಸಿಗುವುದಿಲ್ಲ. ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕಿಯ ಕೆಲಸವೂ ಒಂದು ಕಣ್ಣಿನಲ್ಲಿ ಇದ್ದರೆ ಪದವಿಯ ನಂತರ ಎರಡು ವರ್ಷದ ಬಿ.ಪಿ.ಎಡ್. ಇದೆ. ಅದಕ್ಕೆ ಪದವಿಯಲ್ಲಿ ಶೇ. 50 ಅಂಕದ ಜೊತೆಗೆ ಮಾನ್ಯತೆ ಇರುವ ಕ್ರೀಡಾಕೂಟದಲ್ಲಿ ಭಾಗವಹಿಸಿದ ದಾಖಲೆಯನ್ನೂ ಕೇಳುತ್ತಾರೆ. ಪಿಯುಸಿಯಲ್ಲಿ, ಪದವಿಯಲ್ಲಿ ಸಿಕ್ಕ ಕ್ರೀಡಾ ಸರ್ಟಿಫಿಕೇಟುಗಳನ್ನು ಇವತ್ತೇ ಒಂದು ಫೈಲಿಗೆ ಹಾಕಿಡಿ. ಮೂರು ವರ್ಷ ಕಳೆದ ಮೇಲೆ ಕಾಲೇಜಿನ ಕಚೇರಿಗೆ ಹೋಗಿ ನಕಲು ಕೇಳುವುದು ಯಾರಿಗೂ ಬೇಡದ ಕೆಲಸ. ಆಸ್ಪತ್ರೆ, ಪುನರ್ವಸತಿ ಕೇಂದ್ರಗಳಲ್ಲಿ ಆಟ-ಚಟುವಟಿಕೆಯನ್ನೇ ಚಿಕಿತ್ಸೆಯಾಗಿ ಬಳಸುವ ಆಕ್ಯುಪೇಷನಲ್ ಥೆರಪಿ ಪದವಿ ಮಣಿಪಾಲದಲ್ಲಿದೆ, ಆದರೆ ಅದಕ್ಕೆ ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ವಾಣಿಜ್ಯ ಓದಿದ ನಿಮಗೆ ಆ ಬಾಗಿಲು ಮುಚ್ಚಿದೆ.

ಇನ್ನು ಸರ್ಟಿಫಿಕೇಟುಗಳು. ಹೆಚ್ಚಿನವರು ತಪ್ಪುವುದು ಇವುಗಳ ಕ್ರಮದಲ್ಲಿ. ಸರ್ಫಿಂಗ್ ಇಷ್ಟ ಎಂದು ಸರ್ಫಿಂಗ್ ಕೋರ್ಸಿಗೆ, ಪರ್ವತ ಇಷ್ಟ ಎಂದು ಪರ್ವತಾರೋಹಣಕ್ಕೆ ಮೊದಲು ಹಣ ಹಾಕುತ್ತಾರೆ. ಮೊದಲು ಮಾಡಬೇಕಾದ್ದು ಪ್ರಥಮ ಚಿಕಿತ್ಸೆ. ರೆಡ್‌ಕ್ರಾಸ್ ಅಥವಾ ಸೇಂಟ್ ಜಾನ್ ಆಂಬ್ಯುಲೆನ್ಸಿನವರ ಸಾಮಾನ್ಯ ತರಬೇತಿಯಿಂದ ಆರಂಭಿಸಿ, ಹೃದಯ ನಿಂತವರ ಎದೆ ಒತ್ತಿ ಉಸಿರು ಕೊಡುವ ಸಿಪಿಆರ್ ಅನ್ನು ಗೊಂಬೆಯ ಮೇಲೆ ಕೈ ನೋಯುವಷ್ಟು ಅಭ್ಯಾಸ ಮಾಡಿ: ನಿಮಿಷಕ್ಕೆ 100ರಿಂದ 120 ಒತ್ತು, ದೊಡ್ಡವರಿಗಾದರೆ 5ರಿಂದ 6 ಸೆಂ.ಮೀ. ಆಳ, 30 ಒತ್ತಿಗೆ 2 ಉಸಿರು. ನೀರಿನಿಂದ ಎತ್ತಿದವರಿಗೆ ಮಾತ್ರ ಒತ್ತುವ ಮೊದಲು ಉಸಿರು ಕೊಡಬೇಕು, ಏಕೆಂದರೆ ಅವರ ಹೃದಯ ನಿಂತಿರುವುದು ಆಮ್ಲಜನಕ ಇಲ್ಲದೆ. ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗೆ ಮಾಡಿ ತಿರುಗಿಸುವುದು ನಮ್ಮ ಕಡಲತೀರದಲ್ಲಿ ಇನ್ನೂ ನಡೆಯುತ್ತದೆ. ಅದರಿಂದ ವಾಂತಿಯಾಗಿ ಅದೇ ಶ್ವಾಸಕೋಶಕ್ಕೆ ಇಳಿಯುತ್ತದೆ, ಕೈಯಲ್ಲಿದ್ದ ನಿಮಿಷಗಳೂ ಹೋಗುತ್ತವೆ. ಎರಡನೆಯ ವರ್ಷದಲ್ಲಿ ವೈಲ್ಡರ್‌ನೆಸ್ ಫಸ್ಟ್ ರೆಸ್ಪಾಂಡರ್ ಮಾಡಿ. ಆಸ್ಪತ್ರೆಯಿಂದ ಗಂಟೆಗಟ್ಟಲೆ ದೂರ ಇರುವಾಗ ಏನು ಮಾಡಬೇಕೆಂದು ಹೇಳಿಕೊಡುವ, ಸುಮಾರು 70ರಿಂದ 80 ಗಂಟೆಯ ಕೋರ್ಸ್ ಅದು. ಮಸ್ಸೂರಿಯ ಹ್ಯಾನಿಫ್ಲ್ ಸೆಂಟರ್‌ನಂಥ ಕಡೆ ನಡೆಯುತ್ತದೆ. ಎರಡು-ಮೂರು ವರ್ಷಕ್ಕೆ ಅವಧಿ ಮುಗಿಯುತ್ತದೆ, ನವೀಕರಿಸಬೇಕು. ಮುಗಿದ ತಾರೀಕಿನ ಸರ್ಟಿಫಿಕೇಟನ್ನು ಫ್ರೇಮ್ ಹಾಕಿ ತೋರಿಸುವ ಬೋಧಕರು ಬಹಳ ಮಂದಿ ಇದ್ದಾರೆ. ಅಪಘಾತ ಆದ ದಿನ ವಿಮೆಯವರು ಮೊದಲು ನೋಡುವುದು ಆ ತಾರೀಕನ್ನೇ.

ಎರಡನೆಯದು ಈಜು. ಈಜು ಬರುತ್ತದೆ ಎಂದಿದ್ದೀರಿ. ಕೊಳದಲ್ಲಿ ನಿಲ್ಲದೆ 400 ಮೀಟರ್ ಈಜಲು, ಆಮೇಲೆ ಕೈ ಊರದೆ 10 ನಿಮಿಷ ತೇಲಲು ಆಗುತ್ತದಾ ನೋಡಿ. ಆಗದಿದ್ದರೆ ಲೇಡಿಹಿಲ್‌ನ ಪಾಲಿಕೆ ಈಜುಕೊಳದಲ್ಲಿ ಬೆಳಗ್ಗೆ ಆರು ತಿಂಗಳು ಹಾಕಿ. ಅದಾದ ಮೇಲೆ ಜೀವರಕ್ಷಕ ತರಬೇತಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದಡಿ ಗೋವಾದಲ್ಲಿರುವ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯವರು ಜೀವರಕ್ಷಣೆ, ಪವರ್‌ಬೋಟ್ ಚಾಲನೆ ಎರಡನ್ನೂ ಕಲಿಸುತ್ತಾರೆ. ದೇಶದ ಯಾವ ಕಡಲತೀರದಲ್ಲೂ ಅವರ ಕಾಗದಕ್ಕೆ ಗೌರವ ಇದೆ. ರಾಷ್ಟ್ರೀಯ ಲೈಫ್ ಸೇವಿಂಗ್ ಸೊಸೈಟಿಯ ತರಬೇತಿಯೂ ನಡೆಯುತ್ತದೆ. ಜೀವರಕ್ಷಕರ ಮೊದಲ ಪಾಠ ನೀರಿಗೆ ಹಾರದೆ ಇರುವುದು: ಮೊದಲು ಕೋಲು ಚಾಚು, ಆಗದಿದ್ದರೆ ಹಗ್ಗ ಎಸೆ, ಆಗದಿದ್ದರೆ ದೋಣಿ ತಾ, ಏನೂ ಇಲ್ಲದಿದ್ದರೆ ಮಾತ್ರ ಇಳಿ.

ಅಲೆ ತಂದ ನೀರು ಮರಳ ದಿಬ್ಬದ ಒಂದು ಸಂದಿನಿಂದ ವಾಪಸ್ ಓಡುವುದನ್ನು, ಅಂದರೆ ರಿಪ್ ಕರೆಂಟನ್ನು, ದಡದ ಮೇಲೆ ನಿಂತೇ ಗುರುತಿಸಲು ಕಲಿಯಿರಿ. ಅಲ್ಲಿ ಅಲೆ ಒಡೆಯುವುದಿಲ್ಲ, ನೀರು ಗಾಢವಾಗಿ, ಶಾಂತವಾಗಿ ಕಾಣುತ್ತದೆ. ಅಲೆ ಇಲ್ಲದ ಜಾಗ ಎಂದು ಪ್ರವಾಸಿಗರು ಮಕ್ಕಳನ್ನು ಕರೆದುಕೊಂಡು ಸ್ನಾನಕ್ಕೆ ಇಳಿಯುವುದೂ ಅಲ್ಲೇ. ಬಂಡೆ, ಅಲೆ ತಡೆಯಲು ಕಟ್ಟಿದ ಬ್ರೇಕ್‌ವಾಟರ್‌ಗಳ ಪಕ್ಕದಲ್ಲಿ ಇದು ಹೆಚ್ಚು. ಸಿಕ್ಕಿಬಿದ್ದವರು ದಡದ ಕಡೆಗೆ ಹೋರಾಡಬಾರದು, ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕು.

ಮೂರನೆಯದಾಗಿ ಒಂದು ಚಟುವಟಿಕೆ, ಒಂದೇ. ನೀರನ್ನು ಆರಿಸಿದರೆ ಮನೆಬಾಗಿಲಲ್ಲೇ ಎಲ್ಲ ಇದೆ. ಮೂಲ್ಕಿ, ಸಸಿಹಿತ್ಲು ದೇಶದ ಸರ್ಫಿಂಗ್ ಭೂಪಟದಲ್ಲಿ ಮುಖ್ಯ ಜಾಗಗಳು; ಪಡುಬಿದ್ರಿಗೆ 2020ರಲ್ಲಿ ಸ್ವಚ್ಛ, ಸುರಕ್ಷಿತ ಕಡಲತೀರಕ್ಕೆ ಕೊಡುವ ಬ್ಲೂ ಫ್ಲ್ಯಾಗ್ ಸಿಕ್ಕಿದೆ; ಸಾಲಿಗ್ರಾಮದ ಹಿನ್ನೀರಿನಲ್ಲಿ ಕಯಾಕಿಂಗ್ ಬೆಳೆದಿದೆ; ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಇದೆ. ಸರ್ಫಿಂಗ್ ಬೋಧಕರಿಗೆ ಅಂತಾರಾಷ್ಟ್ರೀಯ ಸರ್ಫಿಂಗ್ ಸಂಸ್ಥೆಯ ಲೆವೆಲ್ 1 ಮೊದಲ ಮೆಟ್ಟಿಲು. ಸ್ಕೂಬಾ ದುಬಾರಿ ಮತ್ತು ನಿಧಾನ: ಪ್ಯಾಡಿ ಎಂಬ ಡೈವಿಂಗ್ ತರಬೇತಿ ಸಂಸ್ಥೆಯ ಡೈವ್‌ಮಾಸ್ಟರ್ ಆಗಲು 18 ವರ್ಷ ತುಂಬಿರಬೇಕು, ಮುಗಿಸುವ ಹೊತ್ತಿಗೆ 60 ಡೈವ್ ದಾಖಲಾಗಿರಬೇಕು, ಬೋಧಕರಿಗೆ 100. ಕೈಯಲ್ಲಿ ಹಣ ಇಲ್ಲದಿದ್ದರೆ ಕಯಾಕಿಂಗ್‌ನಿಂದ ಆರಂಭಿಸುವುದೇ ಜಾಣತನ.

ಗುಡ್ಡವನ್ನು ಆರಿಸಿದರೆ ದಾರಿ ಹಿಮಾಲಯದ ಮೇಲೆ ಹೋಗುತ್ತದೆ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ, ಡಾರ್ಜಿಲಿಂಗ್, ಮನಾಲಿ ಎಲ್ಲ ಕಡೆ ಮೂಲ ಕೋರ್ಸ್ ಸುಮಾರು 4 ವಾರ. ಅದರಲ್ಲಿ 'ಎ' ದರ್ಜೆ ಬಂದರೆ ಮಾತ್ರ ಅಡ್ವಾನ್ಸ್ ಕೋರ್ಸ್, ಅದರಲ್ಲೂ 'ಎ' ಬಂದರೆ ಬೋಧನಾ ವಿಧಾನದ ಕೋರ್ಸ್. 'ಬಿ' ಬಂದರೆ ಮುಂದಿನ ದಾರಿ ಬಂದ್, ಹಾಗಾಗಿ ಸಿದ್ಧತೆ ಇಲ್ಲದೆ ಮೊದಲ ಕೋರ್ಸಿಗೆ ಹೋಗಬೇಡಿ. ಸೀಟು ತಿಂಗಳುಗಳ ಮೊದಲೇ ತುಂಬುತ್ತದೆ. ಸಮುದ್ರಮಟ್ಟದಲ್ಲಿ ಬೆಳೆದವರಿಗೆ ಅಲ್ಲಿ ತೊಂದರೆ ಕೊಡುವುದು ಬೆನ್ನ ಮೇಲಿನ 15–20 ಕೆ.ಜಿ. ಬೆಳ್ತಂಗಡಿಯ ಗಡಾಯಿಕಲ್ಲಿಗೆ 1,800ಕ್ಕೂ ಹೆಚ್ಚು ಮೆಟ್ಟಿಲು. ಚೀಲದಲ್ಲಿ ನೀರಿನ ಬಾಟಲಿ ತುಂಬಿಸಿ 8 ಕೆ.ಜಿ.ಯಿಂದ ಆರಂಭಿಸಿ ವಾರಕ್ಕೆ 2 ಕೆ.ಜಿ.ಯಂತೆ ಏರಿಸಿ. ಇಳಿಯುವಾಗ ಮೊಣಕಾಲಿಗೆ ಪೆಟ್ಟು ಜಾಸ್ತಿ, ಮೇಲೆ ಹೋದ ಮೇಲೆ ನೀರು ಚೆಲ್ಲಿಬಿಡಿ. ಬಂಡೆ ಏರುವುದನ್ನು ಬಾದಾಮಿಯಲ್ಲಿ ಕಲಿಯಬಹುದು. ರಾಜ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜನರಲ್ ತಿಮ್ಮಯ್ಯ ಅಕಾಡೆಮಿಯ ತರಬೇತಿಗಳು ಅಲ್ಲಿ ನಡೆಯುತ್ತವೆ, ಹೊರಗಿನ ಕೋರ್ಸುಗಳಿಗಿಂತ ಅಗ್ಗ.

ನಮ್ಮ ಘಟ್ಟದಲ್ಲಿ ಗುಂಪು ನಡೆಸಲು ಹಿಮಾಲಯದ ಜ್ಞಾನ ಸಾಲುವುದಿಲ್ಲ. ಕುದುರೆಮುಖ, ನೇತ್ರಾವತಿ ಶಿಖರಗಳಿಗೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಬೇಕು, ದಿನಕ್ಕೆ ಇಂತಿಷ್ಟೇ ಜನ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಮುಚ್ಚುವುದೂ ಉಂಟು. ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಮೇಲೆ ಸಿಡಿಲು. ಬೋಳುಗುಡ್ಡದ ನೆತ್ತಿಯಿಂದ ಮಧ್ಯಾಹ್ನ ಒಂದು ಗಂಟೆಗೆ ಮೊದಲೇ ಇಳಿದಿರಬೇಕು. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಸಿಡಿಲು 10 ಕಿ.ಮೀ. ಒಳಗಿದೆ ಎಂದರ್ಥ. ಇಂಬಳ ಕಚ್ಚಿದರೆ ಗಲಾಟೆ ಜಾಸ್ತಿ, ಅಪಾಯ ಕಡಿಮೆ. ಉಣುಗಿನದ್ದು ತದ್ವಿರುದ್ಧ: ಚಳಿಗಾಲದಿಂದ ಬೇಸಿಗೆವರೆಗೆ ಮಲೆನಾಡಿನ ಕಾಡಿನಲ್ಲಿ ಮಂಗನ ಕಾಯಿಲೆ ಹರಡುವುದು ಅದರಿಂದ, ಮಂಗ ಸತ್ತ ಸುದ್ದಿ ಇರುವ ಕಡೆಗೆ ಗುಂಪು ಒಯ್ಯಲೇಬಾರದು. ಹಾವು ಕಚ್ಚಿದರೆ ಕಟ್ಟು ಬಿಗಿಯದೆ, ಕೊಯ್ಯದೆ, ಆ ಕೈಕಾಲು ಅಲುಗಾಡದಂತೆ ಇರಿಸಿ ಆಸ್ಪತ್ರೆಗೆ. ಘಟ್ಟದ ಮಂಡಲ ಹಾವುಗಳಲ್ಲಿ ಕೆಲವಕ್ಕೆ ನಮ್ಮಲ್ಲಿ ಸಿಗುವ ಪ್ರತಿವಿಷ ಕೆಲಸ ಮಾಡುವುದಿಲ್ಲ ಎಂಬುದೂ ನಿಮಗೆ ಗೊತ್ತಿರಬೇಕು.

ಇಷ್ಟೆಲ್ಲ ಕಲಿತೂ ಸಂದರ್ಶನದಲ್ಲಿ ಬೀಳುವವರು ಗುಂಪು ನಡೆಸುವ ಯೋಜನೆಯಲ್ಲಿ ಬೀಳುತ್ತಾರೆ. "ಹನ್ನೆರಡು ಮಕ್ಕಳು, ಹೈಸ್ಕೂಲು, ಸಾಲಿಗ್ರಾಮದ ಕಾಂಡ್ಲಾ ಕಾಡಿನ (ಮ್ಯಾಂಗ್ರೋವ್) ನಡುವೆ ಎರಡು ಗಂಟೆ ಕಯಾಕಿಂಗ್, ಭಾನುವಾರ ಮಾಡಿಕೊಡಿ" ಎಂದು ಶಾಲೆಯವರು ಕೇಳಿದರು ಎಂದಿಟ್ಟುಕೊಳ್ಳಿ. ಒಳ್ಳೆಯ ಬೋಧಕಿಯ ಮೊದಲ ಪ್ರಶ್ನೆ: ಆ ಭಾನುವಾರ ಉಬ್ಬರ ಎಷ್ಟು ಗಂಟೆಗೆ? ಬೇಕಾದ್ದು ಬೆಳಗ್ಗೆ 8ರಿಂದ 10ರೊಳಗೆ ಪೂರ್ಣ ಉಬ್ಬರ ಬರುವ ದಿನ. ಅದಕ್ಕೆ ಒಂದು ಗಂಟೆ ಮೊದಲು ನೀರಿಗಿಳಿದು, ಏರುವ ನೀರಿನ ಜೊತೆ ಅಳಿವೆಗೆ ಬೆನ್ನು ಹಾಕಿ ಒಳಗೆ ಹೋಗಬೇಕು. ನೀರು ನಿಂತಾಗ ತಿರುಗಿ, ಇಳಿತದ ಮೊದಲ ಸೆಳೆತದಲ್ಲಿ ವಾಪಸ್ ಬರಬೇಕು. ಇಳಿತದ ಮೂರನೇ, ನಾಲ್ಕನೇ ಗಂಟೆಯಲ್ಲಿ ಸೆಳೆತ ಜೋರು. ಆ ಹೊತ್ತಿಗೆ ಮಕ್ಕಳು ನೀರಿನಲ್ಲಿದ್ದರೆ ಇಳಿಯುವ ಕಟ್ಟೆ ದಾಟಿ ಅಳಿವೆ ಬಾಗಿಲಿನ ಕಡೆ ಹೋಗುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇದು ಇನ್ನೂ ಬಿರುಸು. ಉಬ್ಬರ ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ಇಂಥ ಬೆಳಗು ಸಿಗುವುದು ಪಕ್ಷಕ್ಕೆ ಕೆಲವೇ ದಿನ. ಮಧ್ಯಾಹ್ನ ಮಾಡೋಣವೆಂದರೆ, ಬೇಸಿಗೆಯಲ್ಲಿ 11ರ ನಂತರ ಪಡುಗಾಳಿ ಏಳುತ್ತದೆ. ಆದ್ದರಿಂದ ಮುಂಗಡ ಬುಕಿಂಗಿನ ಕ್ಯಾಲೆಂಡರನ್ನು ಉಬ್ಬರದ ಪಟ್ಟಿ ನೋಡಿ ತಯಾರಿಸಬೇಕು. ಭಾನುವಾರ ನೋಡಿ ತಯಾರಿಸಿದರೆ ಎಂದಾದರೂ ಒಂದು ದಿನ ಬೆಲೆ ತೆರಬೇಕಾಗುತ್ತದೆ. ತೆರೆದ ಕಡಲಿನಲ್ಲಿ ಬೆಳಗಿನ ಮೂಡುಗಾಳಿ ಇನ್ನೊಂದು ಮೋಸ: ದಡದಲ್ಲಿ ನೀರು ಕನ್ನಡಿಯಂತಿರುತ್ತದೆ, ಅದೇ ಗಾಳಿ ಸರ್ಫಿಂಗ್ ಹಲಗೆಯನ್ನೂ ಅದರ ಮೇಲಿನ ಹುಡುಗನನ್ನೂ ಕಡಲಿನ ಒಳಕ್ಕೆ ಒಯ್ಯುತ್ತದೆ.

ಲೈಫ್ ಜಾಕೆಟಿನ ಒಳಗಿನ ಚೀಟಿ ಓದಿ. ತೇಲಿಸುವ ಬಲ 50 ನ್ಯೂಟನ್ ಎಂದಿದ್ದರೆ ಅದು ಈಜು ಬಲ್ಲವರಿಗೆ. ಬಾರದ ಮಕ್ಕಳಿಗೆ 100 ನ್ಯೂಟನ್, ಕತ್ತಿನ ಹಿಂದೆ ಕಾಲರ್ ಇರುವುದು ಬೇಕು. ತೊಡಿಸಿ, ಎರಡೂ ಭುಜ ಹಿಡಿದು ಮೇಲೆತ್ತಿ ನೋಡಿ. ಕಿವಿಯವರೆಗೆ ಏರಿದರೆ ಸಡಿಲ. ಒದ್ದೆಯಾದ ಮೇಲೆ ಪಟ್ಟಿ ಜಾರುತ್ತದೆ, ಇನ್ನೊಮ್ಮೆ ಬಿಗಿ ಮಾಡಬೇಕು. ಮಗುವನ್ನು ದೋಣಿಗೆ ಕಟ್ಟಬಾರದು, ಸಡಿಲ ಹಗ್ಗ ಕಾಲ ಬಳಿ ಇರಬಾರದು. ಕಾಂಡ್ಲಾ ಬೇರಿಗೆ ಅಂಟಿದ ಚಿಪ್ಪು ಬ್ಲೇಡಿನಷ್ಟು ಹರಿತ, ಚಪ್ಪಲಿ ಬೇಡ, ಬಿಗಿಯಾಗಿ ನಿಲ್ಲುವ ಹಳೆಯ ಶೂ ಇರಲಿ. ಇಬ್ಬಿಬ್ಬರು ಕೂರುವ ಆರು ಕಯಾಕ್, ಮುಂದೊಬ್ಬರು, ಹಿಂದೊಬ್ಬರು ಬೋಧಕರು, ಹಿಂದಿನವರ ಬಳಿ 15–20 ಮೀಟರ್ ಹಗ್ಗದ ಎಸೆಯುವ ಚೀಲ. ಸೊಂಟದ ಆಳದಲ್ಲಿ ಪ್ರತಿ ಜೋಡಿಯನ್ನೂ ಒಮ್ಮೆ ಬೇಕೆಂದೇ ಮಗುಚಿ. ಮಗುಚಿದಾಗ ದೋಣಿ ಬಿಡದೆ ಹಿಡಿದುಕೊಳ್ಳಬೇಕು ಎಂಬುದು ಮಾತಿನಿಂದ ತಲೆಗೆ ಹೋಗುವುದಿಲ್ಲ. ದಡದ ಸೂಚನೆ ಐದಾರು ನಿಮಿಷ ಮೀರಿದರೆ ಯಾರೂ ಕೇಳುತ್ತಿರುವುದಿಲ್ಲ. ನೀರಿನಲ್ಲಿ ಸಾಮಾನ್ಯವಾಗಿ ಕೆಡುವುದು ಒಂದೇ: ಮುಂದಿರುವವರು ಗಟ್ಟಿ ಮಕ್ಕಳ ವೇಗಕ್ಕೆ ಹೋಗುತ್ತಾರೆ, ದುರ್ಬಲ ಜೋಡಿ ತಿರುವಿನ ಹಿಂದೆ ಉಳಿಯುತ್ತದೆ. ಆ ಜೋಡಿಯನ್ನು ಎರಡನೇ ಸ್ಥಾನದಲ್ಲಿ ಇರಿಸಿ, ಪ್ರತಿ ತಿರುವಿನಲ್ಲಿ ತಲೆ ಎಣಿಸಿ.

ಈ ಎಲ್ಲವೂ ಲಾಗ್‌ಬುಕ್ಕಿಗೆ ಬರಬೇಕು. ತಾರೀಕು, ಜಾಗ, ಉಬ್ಬರದ ಸಮಯ, ಗಾಳಿ, ಎಷ್ಟು ಮಂದಿ, ಯಾವ ವಯಸ್ಸು, ನೀವು ಮುಖ್ಯ ಬೋಧಕಿಯೋ ಸಹಾಯಕಿಯೋ, ಯೋಜನೆಯಲ್ಲಿ ಏನು ಬದಲಾಯಿತು, ಏಕೆ. ಕೊನೆಗೆ ಹಿರಿಯ ಬೋಧಕರ ಸಹಿ. ಗಾಳಿ ನೋಡಿ ರದ್ದು ಮಾಡಿದ ದಿನವನ್ನೂ ಕಾರಣ ಸಮೇತ ಬರೆಯಿರಿ. ಅನುಭವಿ ಸಂದರ್ಶಕರು ಆ ಪುಟಗಳನ್ನೇ ಹುಡುಕಿ ಓದುತ್ತಾರೆ.

ಸಮುದಾಯದ ಕಡೆಯ ಕೆಲಸಕ್ಕೂ ಇದೇ ಶಿಸ್ತು ಬೇಕು, ಅಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ ಅಷ್ಟೇ. ಆಟಿ ತಿಂಗಳ ಕೆಸರುಗದ್ದೆ ಆಟವನ್ನೇ ನೋಡಿ. ಹಿಂದಿನ ದಿನ ಗದ್ದೆಯನ್ನು ಬರಿಗಾಲಲ್ಲಿ ಪೂರ್ತಿ ತುಳಿದು ಗಾಜು, ಕಲ್ಲು, ತಂತಿ ಹೆಕ್ಕಿದ್ದಾರಾ? ಓಟದ ಕೊನೆಯಲ್ಲಿ ಬದುವಿಗೆ ಬಡಿಯದಂತೆ ಜಾಗ ಬಿಟ್ಟಿದ್ದಾರಾ? ಕಾಲಿನಲ್ಲಿ ಗಾಯ ಇದ್ದವರನ್ನು ಇಳಿಸದೆ ಇರುತ್ತಾರಾ, ಏಕೆಂದರೆ ಇಲಿಜ್ವರ ಬರುವುದು ಆ ದಾರಿಯಿಂದ? ಹೆಂಗಸರಿಗೆ ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಇದೆಯಾ? ಮೈಕ್ ಎಷ್ಟೇ ಜೋರಿದ್ದರೂ ಇದಿಲ್ಲದಿದ್ದರೆ ಮುಂದಿನ ವರ್ಷ ಅವರು ಬರುವುದಿಲ್ಲ. ನಿಮ್ಮ ಯುವಕ ಮಂಡಲದ ಮುಂದಿನ ಕಾರ್ಯಕ್ರಮಕ್ಕೆ ಎರಡು ಪುಟದ ಯೋಜನೆ, ಅಪಾಯಗಳ ಪಟ್ಟಿ, ಖರ್ಚಿನ ಲೆಕ್ಕ ನೀವೇ ಬರೆಯಿರಿ. ಲಾಗ್‌ಬುಕ್ಕಿನ ಮೊದಲ ಪುಟಗಳು ಅವು. ತುಳು, ಕನ್ನಡದ ಜೊತೆ ಬ್ಯಾರಿಯೋ ಕೊಂಕಣಿಯೋ ನಾಲ್ಕು ಮಾತು ಬಂದರೆ ಹೊರಗಿನಿಂದ ಬಂದ ಯಾವ ಬೋಧಕರಿಗೂ ಇಲ್ಲದ ಅನುಕೂಲ ನಿಮಗಿರುತ್ತದೆ.

ಕೆನಡಾ ವಿಷಯ. ಅಲ್ಲಿ ಈ ವಿಷಯಕ್ಕೆ ನಿಜವಾಗಿಯೂ ಒಳ್ಳೆಯ ಶಿಕ್ಷಣ ಇದೆ. ಥಂಡರ್ ಬೇಯ ಲೇಕ್‌ಹೆಡ್ ವಿಶ್ವವಿದ್ಯಾಲಯದಲ್ಲಿ ಪೂರ್ಣ ಪದವಿಯೇ ಇದೆ. ಏಜೆಂಟರು ಹೇಳಿದ್ದು ಡಿಪ್ಲೊಮಾ, ತೊಡಕು ಅಲ್ಲಿದೆ. 2024ರ ನವೆಂಬರ್ 1ರಿಂದ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕುವವರು ಕಾಲೇಜು ಡಿಪ್ಲೊಮಾ ಮುಗಿಸಿ ಅಲ್ಲೇ ಕೆಲಸ ಮಾಡುವ ಪರವಾನಗಿ ಪಡೆಯಬೇಕಾದರೆ, ಓದಿದ ವಿಷಯ ಸರ್ಕಾರದ ಪಟ್ಟಿಯಲ್ಲಿ ಇರಬೇಕು. ಪದವಿ ಓದಿದವರಿಗೆ ಆ ಷರತ್ತಿಲ್ಲ. ಏಜೆಂಟರಿಂದ ಆ ಕೋರ್ಸಿನ ಓದುವ ವಿಷಯವನ್ನು ಗುರುತಿಸುವ ಆರಂಕಿಯ ಸಿಐಪಿ ಕೋಡ್ ಬರಹದಲ್ಲಿ ತೆಗೆದುಕೊಂಡು, ಕೆನಡಾ ಸರ್ಕಾರದ ವೆಬ್‌ಸೈಟಿನ ಪಟ್ಟಿಯಲ್ಲಿ ನೀವೇ ಹುಡುಕಿ. ಕೋಡ್ ಕೊಡಲು ತಡಮಾಡಿದರೆ ಒಂದು ರೂಪಾಯಿ ಕಟ್ಟಬೇಡಿ. ಹೋಗಲೇಬೇಕೆಂದಿದ್ದರೆ ಇಲ್ಲಿ ಪದವಿ, ಎರಡು ವರ್ಷದ ಲಾಗ್‌ಬುಕ್ ಮುಗಿಸಿ ಸ್ನಾತಕೋತ್ತರಕ್ಕೆ ಹೋಗುವುದು ಮೇಲು.

ಮನೆಯವರು ಕೇಳುವ ಪ್ರಶ್ನೆ ಸಂಬಳದ್ದು, ಅದು ನ್ಯಾಯವೂ ಹೌದು. ಕರಾವಳಿಯಲ್ಲಿ ಈ ಕೆಲಸ ಅಕ್ಟೋಬರ್‌ನಿಂದ ಮೇವರೆಗೆ. ಜೂನ್ ಬಂದರೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟು ನಿಲ್ಲುತ್ತದೆ, ಪ್ರವಾಸಿಗರನ್ನು ಕಡಲಿಗೆ ಬಿಡುವುದಿಲ್ಲ. ಆ ನಾಲ್ಕು ತಿಂಗಳಿಗೆ ಬೇರೆ ದುಡಿಮೆ ಈಗಲೇ ಯೋಚಿಸಿ: ಶಾಲೆಗಳಲ್ಲಿ ಪ್ರಥಮ ಚಿಕಿತ್ಸೆ ತರಬೇತಿ, ಒಳಾಂಗಣ ಈಜು ಪಾಠ, ಸಂಸ್ಥೆಯ ಲೆಕ್ಕಪತ್ರ, ಅಥವಾ ನಿಮ್ಮದೇ ಮುಂದಿನ ಕೋರ್ಸ್. ಕೆಲಸಕ್ಕೆ ಸೇರುವಾಗ ಸಂಬಳದ ಜೊತೆಗೆ ಕೇಳಬೇಕಾದ್ದು: ಮಳೆಗಾಲದಲ್ಲಿ ಅರ್ಧ ಸಂಬಳವಾದರೂ ಇದೆಯಾ, ಬೋಧಕರಿಗೂ ಅಪಘಾತ ವಿಮೆ ಇದೆಯಾ ಅಥವಾ ಗಿರಾಕಿಗಳಿಗೆ ಮಾತ್ರವಾ, ಒಬ್ಬ ಬೋಧಕರಿಗೆ ಎಷ್ಟು ಜನರನ್ನು ಕೊಡುತ್ತಾರೆ, ಹವಾಮಾನ ನೋಡಿ ರದ್ದು ಮಾಡುವ ಕೊನೆಯ ಮಾತು ಯಾರದ್ದು. ಹೊಸಬರಿಗೆ ಸರ್ಫಿಂಗ್ ಕಲಿಸುವಾಗ ಒಬ್ಬರಿಗೆ ಎಂಟಕ್ಕಿಂತ ಹೆಚ್ಚು ಜನ, ರದ್ದು ಮಾಡುವ ಅಧಿಕಾರ ಕೌಂಟರಿನಲ್ಲಿ ದುಡ್ಡು ಎಣಿಸುವವರ ಕೈಯಲ್ಲಿ ಎಂದಾದರೆ ಅಲ್ಲಿ ಸೇರಬೇಡಿ, ಸಂಬಳ ಎಷ್ಟೇ ಇರಲಿ.